ಒಂದು ಅಗುಳು ಸಾಲದ ಕಡೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ತೆಗೆದು ಹಿಸುಕಿ ನೋಡಿದರೆ ಸಾಕು. ಪಾತ್ರೆಯಲ್ಲಿ ಎಷ್ಟು ಸಾವಿರ ಅಗುಳಿದ್ದರೂ ಅವೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ, ಅಷ್ಟೇ ಹೊತ್ತು ಬೆಂದಿವೆ. ಒಂದರ ಗತಿಯೇ ಎಲ್ಲದರ ಗತಿ.

ಗಣಿಯಲ್ಲಿ ಬಂಡೆ ಸಿಡಿಸಲು ಬಳಸುವ ಡಿಟೊನೇಟರಿಗೆ ಈ ಉಪಾಯ ನಡೆದೀತೇ? ಅದು ಬೆರಳುದ್ದದ ಒಂದು ಲೋಹದ ಕೊಳವೆ. ಬಂಡೆಯಲ್ಲಿ ಕೊರೆದ ಕುಳಿಯೊಳಗೆ ತುಂಬಿದ ಸಿಡಿಮದ್ದನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಅದು ಸರಿಯಿದೆಯೋ ಇಲ್ಲವೋ ಖಚಿತವಾಗಿ ತಿಳಿಯಬೇಕಾದರೆ ಸಿಡಿಸಿಯೇ ನೋಡಬೇಕು. ಸಿಡಿಸಿ ನೋಡಿದ ಮೇಲೆ ಅದು ಉಳಿಯುವುದಿಲ್ಲ. ಪೆಟ್ಟಿಗೆಯಲ್ಲಿ ಉಳಿದವು ಹೇಗಿವೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಈ ಪ್ರಶ್ನೆಯ ಹಿಂದೆ ಜೀವಗಳಿವೆ. ಅರುವತ್ತು ಕುಳಿಗಳಲ್ಲಿ ಐವತ್ತೊಂಬತ್ತು ಸಿಡಿದು ಒಂದು ಉಳಿದರೆ, ಆ ಒಂದು ಕುಳಿ ಒಡೆದ ಕಲ್ಲಿನ ರಾಶಿಯಡಿ ಮುಚ್ಚಿಹೋಗುತ್ತದೆ. ಮಾರನೆಯ ದಿನ ಡ್ರಿಲ್ಲಿಂಗ್ ಯಂತ್ರದ ಬಿಟ್ ಅದಕ್ಕೆ ತಾಗಬಹುದು. ಎಕ್ಸ್‌ಕವೇಟರಿನ ಬಕೆಟ್ ಹಲ್ಲು ತಾಗಬಹುದು. ಸಿಡಿಯದ ಮದ್ದು ಟಿಪ್ಪರಿನಲ್ಲಿ ಕಲ್ಲಿನ ಜೊತೆಗೇ ಹೋಗಿ ಕ್ರಷರಿಗೆ ಬೀಳಬಹುದು. ಗಣಿಯವರು ಇದನ್ನು ಮಿಸ್‌ಫೈರ್ ಎನ್ನುತ್ತಾರೆ. ಸಿಡಿದ ಕುಳಿಗಿಂತ ಸಿಡಿಯದ ಕುಳಿಗೆ ಅವರು ಹೆಚ್ಚು ಹೆದರುತ್ತಾರೆ. ಆ ಹೆದರಿಕೆ ಸರಿಯಾದದ್ದು.

ತಂತಿಗಿದ್ದ ಅನುಕೂಲ

1831ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ವಿಲಿಯಂ ಬಿಕ್‌ಫೋರ್ಡ್ ಸುರಕ್ಷಿತ ಬತ್ತಿಯನ್ನು ರೂಪಿಸಿದ. ಹುರಿ ಹೊಸೆದ ದಾರದ ನಡುವೆ ಕರಿಮದ್ದು, ಮೇಲೆ ಜಲನಿರೋಧಕ ಲೇಪ. ಅಡಿಗೆ ಸುಮಾರು 30 ಸೆಕೆಂಡಿನಂತೆ ಅದು ಉರಿಯುತ್ತಿತ್ತು. ಬತ್ತಿ ಹಚ್ಚಿದವನಿಗೆ ಓಡಿಹೋಗಲು ಸಮಯ ಸಿಕ್ಕಿತು. ಆಮೇಲೆ ಬಂದದ್ದು ವಿದ್ಯುತ್ ಡಿಟೊನೇಟರ್. ಎರಡು ತಂತಿ, ಅವುಗಳ ತುದಿಯನ್ನು ಸೇರಿಸುವ ಕೂದಲಿನಷ್ಟು ಸಣ್ಣ ಎಳೆ. ವಿದ್ಯುತ್ ಹರಿದರೆ ಎಳೆ ಕಾಯುತ್ತದೆ, ಸುತ್ತಲಿನ ಮದ್ದು ಹೊತ್ತುತ್ತದೆ.

ವಿದ್ಯುತ್ ಡಿಟೊನೇಟರಿಗೆ ಒಂದು ದೊಡ್ಡ ಗುಣವಿತ್ತು. ಸಿಡಿಸದೆಯೇ ಅದನ್ನು ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದಿತ್ತು. ಈ ಕೆಲಸಕ್ಕೆಂದೇ ಮಾಡಿದ ಗ್ಯಾಲ್ವನೋಮೀಟರಿನಿಂದ ಎಳೆಯನ್ನು ಬಿಸಿ ಮಾಡಲಾರದಷ್ಟು ಅಲ್ಪ ವಿದ್ಯುತ್ ಹಾಯಿಸಿ, ಮುಳ್ಳು ಅಲುಗಿದರೆ ತಂತಿ ಎಲ್ಲೂ ತುಂಡಾಗಿಲ್ಲ ಎಂದು ತಿಳಿಯುತ್ತಿದ್ದರು. ಮದ್ದು ಸರಿಯಿದೆಯೇ ಎಂದು ಅದು ಹೇಳುತ್ತಿರಲಿಲ್ಲ. ದಾರಿ ಸರಿಯಿದೆ ಎಂದು ಮಾತ್ರ ಹೇಳುತ್ತಿತ್ತು. ಸಿಡಿಸುವ ಕೆಲಸ ಹೊತ್ತ ಬ್ಲಾಸ್ಟರಿಗೆ ಅಷ್ಟೇ ದೊಡ್ಡ ಸಮಾಧಾನ.

ದೋಷವೂ ಅದೇ ತಂತಿಯಲ್ಲಿತ್ತು. ಬ್ಯಾಟರಿಯ ವಿದ್ಯುತ್ತಿಗೂ ದಾರಿ ತಪ್ಪಿ ಬಂದ ವಿದ್ಯುತ್ತಿಗೂ ತಂತಿ ವ್ಯತ್ಯಾಸ ಎಣಿಸುವುದಿಲ್ಲ. ದೂರದ ಸಿಡಿಲು, ಹತ್ತಿರದ ಹೈಟೆನ್ಷನ್ ಲೈನು, ಯಂತ್ರಗಳಿಂದ ನೆಲಕ್ಕೆ ಸೋರಿದ ವಿದ್ಯುತ್ತು, ಬಲವಾದ ರೇಡಿಯೋ ತರಂಗ, ಒಣಹವೆಯಲ್ಲಿ ಮೈಮೇಲೆ ಕೂಡಿದ ಸ್ಥಾಯೀ ವಿದ್ಯುತ್ತು, ಇವುಗಳಲ್ಲಿ ಯಾವುದಾದರೂ ಅದನ್ನು ಅಕಾಲದಲ್ಲಿ ಸಿಡಿಸಬಲ್ಲದು. ಒಂದು ಬ್ಯಾಟರಿ ಸಿಕ್ಕರೆ ಯಾರು ಬೇಕಾದರೂ ಸಿಡಿಸಬಹುದೆಂಬ ದುರ್ಬಳಕೆಯ ಭಯವೂ ಇತ್ತು. 2025ರ ಏಪ್ರಿಲ್ 1ರಿಂದ ವಿದ್ಯುತ್ ಡಿಟೊನೇಟರುಗಳ ತಯಾರಿಕೆ, ಆಮದು, ಇಟ್ಟುಕೊಳ್ಳುವಿಕೆ ಎಲ್ಲವನ್ನೂ ನಿಷೇಧಿಸುವ ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಹೊರಡಿಸಿತು. ವಿದ್ಯುತ್ತಿಲ್ಲದ ವ್ಯವಸ್ಥೆ ಗಣಿಗಳಿಗೆ ಹೊಸದೇನಲ್ಲ. ಈಗ ಅದರ ಮೇಲಿನ ಭಾರ ಮಾತ್ರ ಹೆಚ್ಚಿದೆ.

ನಳಿಕೆಯೊಳಗೆ ಓಡುವ ಕಿಡಿ

1960ರ ದಶಕದಲ್ಲಿ ಸ್ವೀಡನ್ನಿನ ನೈಟ್ರೋ ನೊಬೆಲ್ ಕಂಪನಿಯಲ್ಲಿ ಪೆರ್-ಆಂಡೆರ್ಸ್ ಪೆರ್ಸನ್ ತಂತಿಯ ಜಾಗಕ್ಕೆ ಪ್ಲಾಸ್ಟಿಕ್ಕಿನ ನಳಿಕೆಯೊಂದನ್ನು ತಂದರು. ನೊನೆಲ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಯಾವ ಕಂಪನಿಯದಾದರೂ ಗಣಿಗಳಲ್ಲಿ ಇವತ್ತಿಗೂ ನೊನೆಲ್ ಎಂದೇ ರೂಢಿ. ಇಲ್ಲಿ ನಾನು ಅದನ್ನು ಕಿಡಿನಳಿಕೆ ಎನ್ನುತ್ತೇನೆ.

ಕೈಯಲ್ಲಿ ಹಿಡಿದು ನೋಡಿದರೆ ಹೊರಗಿನ ಅಗಲ ಸುಮಾರು 3 ಮಿಲಿಮೀಟರ್, ಒಳಗಿನ ತೂತು ಸುಮಾರು 1 ಮಿಲಿಮೀಟರ್. ದೂರದಿಂದ ಕಾಣಲೆಂದು ಹಳದಿಯೋ ಕೇಸರಿಯೋ ಕಣ್ಣಿಗೆ ಹೊಡೆಯುವ ಬಣ್ಣ. ಒಳಗೋಡೆಗೆ ಸ್ಫೋಟಕದ ಪುಡಿ ಅತಿ ತೆಳುವಾಗಿ ಅಂಟಿರುತ್ತದೆ. ನಡುವೆ ಬರಿ ಗಾಳಿ. ಒಂದು ತುದಿಯಲ್ಲಿ ಬಲವಾದ ಆಘಾತ ಕೊಟ್ಟರೆ ಆಘಾತದ ಅಲೆ ತೂತಿನೊಳಗೆ ನುಗ್ಗುತ್ತದೆ. ಅದು ಗೋಡೆಯ ಪುಡಿಯನ್ನು ಎಬ್ಬಿಸುತ್ತದೆ, ಎದ್ದ ಪುಡಿ ಅಲೆಯ ಬೆನ್ನಲ್ಲೇ ಉರಿಯುತ್ತದೆ, ಆ ಉರಿಯ ಒತ್ತಡ ಅಲೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಹೀಗೆ ತನ್ನನ್ನು ತಾನೇ ನೂಕಿಕೊಳ್ಳುತ್ತ ಕಿಡಿ ಸೆಕೆಂಡಿಗೆ ಸುಮಾರು 2,000 ಮೀಟರ್ ವೇಗದಲ್ಲಿ ಓಡುತ್ತದೆ. ನಳಿಕೆ ಒಡೆಯುವುದಿಲ್ಲ, ಸುಟ್ಟುಹೋಗುವುದೂ ಇಲ್ಲ. ಪುಡಿ ಅಷ್ಟು ಕಡಿಮೆ. ತುದಿಗೆ ಬಂದ ಕಿಡಿ ಡಿಟೊನೇಟರಿನೊಳಗಿನ ಡಿಲೇ ಮದ್ದನ್ನು ಹೊತ್ತಿಸುತ್ತದೆ. ಆ ಮದ್ದು ಇಂತಿಷ್ಟು ಮಿಲಿಸೆಕೆಂಡು ಉರಿದ ಮೇಲೆ ಡಿಟೊನೇಟರ್ ಸಿಡಿಯುತ್ತದೆ.

ಹತ್ತಿರದಲ್ಲಿ ಹೈಟೆನ್ಷನ್ ಲೈನು ಹಾದುಹೋಗಿದ್ದರೂ ಈ ನಳಿಕೆಗೆ ಪರಿವೆಯಿಲ್ಲ. ಸಿಡಿಲು ನೇರ ಬಡಿದರೆ ಮಾತ್ರ ಇದಕ್ಕೂ ರಕ್ಷೆಯಿಲ್ಲ. ಅದಕ್ಕೇ ಗುಡುಗು ಕೇಳಿಸಿದರೆ ಕಿಡಿನಳಿಕೆ ಇರುವ ಗಣಿಯಲ್ಲೂ ಜನ ಬೆಂಚನ್ನು, ಅಂದರೆ ಕುಳಿ ಕೊರೆದ ಬಂಡೆಯ ಮೆಟ್ಟಿಲನ್ನು, ಬಿಟ್ಟು ದೂರ ಹೋಗಲೇಬೇಕು. ಆದರೆ ವಿದ್ಯುತ್ತಿನ ಜೊತೆಗೆ ಗ್ಯಾಲ್ವನೋಮೀಟರೂ ಹೋಯಿತು. ನಳಿಕೆಯೊಳಗಿನ ದಾರಿ ಸರಿಯಿದೆಯೇ ಎಂದು ಕೇಳಲು ಯಾವ ಮುಳ್ಳೂ ಇಲ್ಲ. ಕುಳಿಗೆ ಇಳಿಸಿದ ಮೇಲೆ ಬ್ಲಾಸ್ಟರಿಗೆ ಉಳಿದದ್ದು ಕಣ್ಣು ಮಾತ್ರ. ಹಾಗಾಗಿ ನಂಬಿಕೆಯನ್ನು ಕಾರ್ಖಾನೆಯಿಂದಲೇ ಕಟ್ಟಿಕೊಂಡು ಬರಬೇಕಾಯಿತು.

ಮೂವತ್ತಕ್ಕೆ ಮೂವತ್ತು ಸಿಡಿದರೂ

ಒಂದು ಲಾಟಿನಿಂದ, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿನಿಂದ, ಕಣ್ಣು ಮುಚ್ಚಿ 30 ಡಿಟೊನೇಟರ್ ಆರಿಸಿ ಸಿಡಿಸಿದಿರಿ ಎನ್ನೋಣ. ಮೂವತ್ತೂ ಸಿಡಿದವು. ಲಾಟು ಉತ್ತಮ ಎಂದು ಬರೆದುಬಿಡಬಹುದೇ?

ಆ ಲಾಟಿನಲ್ಲಿ ಹತ್ತಕ್ಕೊಂದು ಕೆಟ್ಟಿದೆ ಎಂದಿಟ್ಟುಕೊಳ್ಳಿ. ಗಣಿಗೆ ಅದು ಘೋರ ಲಾಟು. ಆದರೂ ನಿಮ್ಮ ಕೈಗೆ ಬಂದ ಮೂವತ್ತೂ ಒಳ್ಳೆಯವೇ ಆಗಿರುವ ಸಾಧ್ಯತೆ ನೂರಕ್ಕೆ 4ರಷ್ಟಿದೆ. ನೂರಕ್ಕೊಂದು ಕೆಟ್ಟಿದ್ದರೆ ಮೂವತ್ತರ ಪರೀಕ್ಷೆಯನ್ನು ಅದು ನಾಲ್ಕರಲ್ಲಿ ಮೂರು ಸಲ ನಿರಾಯಾಸವಾಗಿ ದಾಟುತ್ತದೆ. ನೂರಕ್ಕೊಂದಕ್ಕಿಂತ ಕಡಿಮೆ ಕೆಟ್ಟಿದೆ ಎಂದು ಒಂದಿಷ್ಟು ಧೈರ್ಯದಿಂದ, ಅಂದರೆ ಇಪ್ಪತ್ತರಲ್ಲಿ ಒಂದು ಸಲವಷ್ಟೇ ತಪ್ಪಾಗುವ ಧೈರ್ಯದಿಂದ, ಹೇಳಬೇಕಾದರೆ 300 ಸಿಡಿಸಬೇಕು, ಒಂದೂ ಸೋಲಬಾರದು. ಸಾವಿರಕ್ಕೊಂದು ಎನ್ನಲು 3,000. ಹತ್ತು ಸಾವಿರಕ್ಕೊಂದು ಎನ್ನಲು 30,000. ಸಂಖ್ಯಾಶಾಸ್ತ್ರದಲ್ಲಿ ಇದು ಮೂರರ ನಿಯಮವೆಂದೇ ಪ್ರಸಿದ್ಧ. ಎಷ್ಟರಲ್ಲಿ ಒಂದು ಎಂದು ಸಾಧಿಸಬೇಕೋ ಅದರ ಮೂರು ಪಟ್ಟು ಪರೀಕ್ಷಿಸಬೇಕು.

ಇಲ್ಲಿ ಕಾರ್ಖಾನೆ ಸಿಕ್ಕಿಬೀಳುತ್ತದೆ. ಗಣಿಗೆ ಬೇಕಾದಷ್ಟು ಭರವಸೆ ಕೊಡಹೊರಟರೆ ಮಾರಲು ಮಾಡಿದ ಲಾಟಿನ ಬಹುಪಾಲು ಪರೀಕ್ಷೆಯಲ್ಲೇ ಮುಗಿದುಹೋಗುತ್ತದೆ.

ಆದರೆ ಅಗುಳಿನ ಉಪಾಯ ಪೂರ್ತಿ ಸೋಲುವುದಿಲ್ಲ. ಸೋಲುಗಳಲ್ಲಿ ಎರಡು ಬಗೆಯಿವೆ. ಡಿಲೇ ಮದ್ದಿನ ಮಿಶ್ರಣವೇ ಆ ದಿನ ತಪ್ಪಾಗಿತ್ತು, ಡಿಟೊನೇಟರಿನ ಬಾಯನ್ನು ನಳಿಕೆಗೆ ಒತ್ತಿ ಬಿಗಿಯುವ ಯಂತ್ರ ಸಡಿಲಾಗಿತ್ತು ಎನ್ನಿ. ಆಗ ಇಡೀ ಲಾಟಿಗೆ ರೋಗ ತಗಲಿರುತ್ತದೆ. ಅರ್ಧ ಲಾಟು ಕೆಟ್ಟಿದ್ದರೆ ಹತ್ತೇ ಹತ್ತು ಸಿಡಿಸಿದರೂ ಸಾಕು. ಅದು ಕಣ್ತಪ್ಪಿಸಿಕೊಳ್ಳುವ ಸಾಧ್ಯತೆ ಸಾವಿರಕ್ಕೊಂದು. ಇದು ಸಾಮೂಹಿಕ ಸೋಲು. ಇನ್ನೊಂದು ಒಂಟಿ ಸೋಲು. ಯಾವುದೋ ಒಂದು ನಳಿಕೆಯಲ್ಲಿ ಗೇಣುದ್ದ ಪುಡಿ ಅಂಟಿಲ್ಲ, ಯಾವುದೋ ಒಂದಕ್ಕೆ ಹನಿ ನೀರು ಹೊಕ್ಕಿದೆ. ಪಕ್ಕದ ಒಂಬೈನೂರ ತೊಂಬತ್ತೊಂಬತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಸಣ್ಣ ಪರೀಕ್ಷೆ ಹಿಡಿಯಲಾರದು. ಈ ವ್ಯತ್ಯಾಸವನ್ನು ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕಾಟ ಕೊಟ್ಟು ನೋಡುವುದು

ಎಣಿಕೆಯಿಂದ ಆಗದ್ದನ್ನು ಕಾಟ ಕೊಟ್ಟು ಸಾಧಿಸಬಹುದೆಂಬುದು ಪರೀಕ್ಷಕರ ಇನ್ನೊಂದು ಉಪಾಯ. ಆರಾಮವಾಗಿರುವ ಡಿಟೊನೇಟರನ್ನು ಸಾವಿರ ಸಲ ಕೇಳುವ ಬದಲು ಕಷ್ಟದಲ್ಲಿರುವುದನ್ನು ಕೆಲವೇ ಸಲ ಕೇಳುವುದು.

ಯುರೋಪಿನಲ್ಲಿ ನಾಗರಿಕ ಬಳಕೆಯ ಡಿಟೊನೇಟರುಗಳಿಗೆ ಇಎನ್ 13763 ಎಂಬ ಮಾನದಂಡಗಳ ಮಾಲೆಯಿದೆ. ಅದರ ಒಂದೊಂದು ಭಾಗವೂ ಒಂದೊಂದು ಬಗೆಯ ಕಾಟ. ನಳಿಕೆಯನ್ನು ಒರಟು ಮೇಲ್ಮೈಗೆ ಉಜ್ಜಬೇಕು. ಚೂಪು ಅಂಚಿಗೆ ಒತ್ತಬೇಕು. ಚಳಿಯಲ್ಲಿಟ್ಟು ಬಗ್ಗಿಸಿ ಸೀಳುತ್ತದೆಯೇ ನೋಡಬೇಕು. ಡಿಟೊನೇಟರಿನಿಂದ ಕಿತ್ತು ಬರುತ್ತದೆಯೇ ಎಂದು ಎಳೆಯಬೇಕು. ಕುಲುಕಬೇಕು, ಬೀಳಿಸಬೇಕು, ನೀರಿನ ಒತ್ತಡದಲ್ಲಿ ಮುಳುಗಿಸಿಡಬೇಕು. ಕಿಡಿಯ ವೇಗ ಅಳೆಯಲು ಒಂದು ಭಾಗ, ಒಂದು ನಳಿಕೆಯಿಂದ ಇನ್ನೊಂದಕ್ಕೆ ಕನೆಕ್ಟರ್ ಕಿಡಿ ದಾಟಿಸುತ್ತದೆಯೇ ಎಂದು ನೋಡಲು ಒಂದು ಭಾಗ, ನಳಿಕೆ ವಿದ್ಯುತ್ ಹಾಯಿಸುವುದಿಲ್ಲ ಎಂದು ದೃಢಪಡಿಸಲೂ ಒಂದು ಭಾಗವಿದೆ.

ಇವು ಗಣಿಯಲ್ಲಿ ದಿನವೂ ನಡೆಯುವ ಸಂಗತಿಗಳೇ. ಹತ್ತು ಮೀಟರ್ ಆಳದ ಕುಳಿಯಲ್ಲಿ ತಳಕ್ಕೆ ನೀರು ನಿಂತಿರುತ್ತದೆ. ಮೇಲಿನಿಂದ ಸುರಿದ ಜಲ್ಲಿ ನಳಿಕೆಯನ್ನು ಗೋಡೆಗೆ ಒತ್ತಿ ಕೆರೆಯುತ್ತದೆ. ಎಮಲ್ಷನ್ ಸಿಡಿಮದ್ದಿನಲ್ಲಿರುವ ಎಣ್ಣೆ ಪ್ಲಾಸ್ಟಿಕ್ಕಿನ ಗೋಡೆಯೊಳಗೆ ಮೆಲ್ಲಗೆ ಇಳಿದು ಪುಡಿಯನ್ನು ಕೆಡಿಸಬಲ್ಲದು. ತುಂಬಿದ ಕುಳಿ ಮಳೆಯಿಂದಾಗಿ ದಿನಗಟ್ಟಲೆ ಕಾಯಬೇಕಾದಾಗ ಈ ಎಣ್ಣೆಯೇ ದೊಡ್ಡ ಶತ್ರು. ಕತ್ತರಿಸಿದ ತುದಿಯನ್ನು ಬಿಗಿಯಾಗಿ ಮುಚ್ಚದಿದ್ದರೆ ತೇವ ಹೊಗುತ್ತದೆ. ಒದ್ದೆಯಾದ ಕಡೆ ಕಿಡಿ ಸಾಯುತ್ತದೆ.

ಕಾಟದ ಪರೀಕ್ಷೆಗೆ ಇನ್ನೊಂದು ಮುಖವೂ ಇದೆ. ಸಿಡಿಯಬೇಕಾದಾಗ ಸಿಡಿಯುವುದು ಎಷ್ಟು ಮುಖ್ಯವೋ ಸಿಡಿಯಬಾರದಾಗ ಸುಮ್ಮನಿರುವುದೂ ಅಷ್ಟೇ ಮುಖ್ಯ. ಕಿಡಿನಳಿಕೆ ಯಂತ್ರಕ್ಕೋ ವಾಹನದ ಚಕ್ರಕ್ಕೋ ಸಿಕ್ಕಿ ಚೆನ್ನಾಗಿ ಹಿಗ್ಗಿ ಪಟ್ಟನೆ ಹರಿದರೆ, ಹರಿದ ಹೊಡೆತಕ್ಕೇ ಒಳಗೆ ಕಿಡಿ ಹುಟ್ಟಬಹುದು. ಅಪರೂಪ, ಆದರೆ ನಡೆದದ್ದುಂಟು. ವಿದ್ಯುತ್ತಿಲ್ಲ ಎಂದಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ.

ಇಲ್ಲೊಂದು ಜಾಣ ವಿಧಾನವಿದೆ. ಎಷ್ಟು ಎತ್ತರದಿಂದ ಭಾರ ಬಿದ್ದರೆ ಒಂದು ವಸ್ತು ಸಿಡಿದೀತು ಎಂದು ತಿಳಿಯಬೇಕು. ಪ್ರತಿ ತುಣುಕೂ ಕೊಡುವ ಉತ್ತರ ಸಿಡಿದೆ ಅಥವಾ ಸಿಡಿಯಲಿಲ್ಲ, ಎರಡೇ. ಒಮ್ಮೆ ಪೆಟ್ಟು ತಿಂದ ತುಣುಕನ್ನು ಮತ್ತೆ ಬಳಸುವಂತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬ್ರೂಸ್‌ಟನ್ ಪ್ರಯೋಗಾಲಯದವರು ಹೀಗೆ ಮಾಡಿದರು: ಒಂದು ಎತ್ತರದಿಂದ ಬೀಳಿಸು, ಸಿಡಿದರೆ ಮುಂದಿನ ತುಣುಕಿಗೆ ಒಂದು ಮೆಟ್ಟಿಲು ಕೆಳಗಿನಿಂದ, ಸಿಡಿಯದಿದ್ದರೆ ಒಂದು ಮೆಟ್ಟಿಲು ಮೇಲಿನಿಂದ. ಸ್ವಲ್ಪ ಹೊತ್ತಿನಲ್ಲಿ ಪರೀಕ್ಷೆ ತಾನಾಗಿಯೇ ಅರ್ಧ ಸಿಡಿಯುವ, ಅರ್ಧ ಸಿಡಿಯದ ಎತ್ತರದ ಸುತ್ತಲೇ ಏರಿಳಿಯತೊಡಗುತ್ತದೆ. ಇದರ ಗಣಿತವನ್ನು ಡಿಕ್ಸನ್ ಮತ್ತು ಮೂಡ್ 1948ರಲ್ಲಿ ಪ್ರಕಟಿಸಿದರು. ಕೆಲವೇ ಹತ್ತು ತುಣುಕುಗಳಲ್ಲಿ ಅಂಚು ಎಲ್ಲಿದೆ ಎಂದು ಸಿಗುತ್ತದೆ. ಗಣಿಯ ನಿತ್ಯದ ಪರಿಸ್ಥಿತಿ ಆ ಅಂಚಿನಿಂದ ಎಷ್ಟು ದೂರ ಎಂದು ಆಮೇಲೆ ಅಳೆಯಬಹುದು. ಸಾವಿರಾರು ಸಿಡಿಸದೆಯೂ ಭರವಸೆ ಬರುವುದು ಈ ದೂರದಿಂದ.

ಸಿಡಿದೂ ಸೋತಂತೆ

ಎಲ್ಲ ಕುಳಿಗಳೂ ಸಿಡಿದವು, ಆದರೆ ಸರದಿ ತಪ್ಪಿತು. ಇದೂ ಸೋಲೇ. ಮುಂದಿನ ಸಾಲು ಸಿಡಿದು ಜಾಗ ಬಿಟ್ಟುಕೊಟ್ಟರೆ ಹಿಂದಿನ ಸಾಲಿನ ಕಲ್ಲು ಮುಂದಕ್ಕೆ ಬೀಳುತ್ತದೆ. ಹಿಂದಿನದೇ ಮೊದಲು ಸಿಡಿದರೆ ಕಲ್ಲಿಗೆ ಮೇಲಕ್ಕಲ್ಲದೆ ಬೇರೆ ದಾರಿಯಿಲ್ಲ. ಗಣಿಯಿಂದ ಕಲ್ಲು ಹಾರಿ ಹೊಲಕ್ಕೋ ಮನೆಯ ಮೇಲೋ ಬೀಳುವುದಕ್ಕೆ ಇದೂ ಒಂದು ಕಾರಣ. ನೆಲದ ಕಂಪನ ಲೆಕ್ಕ ಹಾಕುವಾಗ 8 ಮಿಲಿಸೆಕೆಂಡಿನೊಳಗೆ ಸಿಡಿದ ಕುಳಿಗಳನ್ನು ಒಂದೇ ಸಿಡಿತವೆಂದು ಹಿಡಿಯುವುದು ರೂಢಿ. ಎರಡು ಕುಳಿ ಒಟ್ಟಿಗೆ ಸಿಡಿದರೆ ಹತ್ತಿರದ ಊರಿನ ಗೋಡೆಗೆ ಬೀಳುವ ಏಟು ಹೆಚ್ಚುತ್ತದೆ.

ಡಿಲೇ ಎಂಬುದು ಒತ್ತಿ ತುಂಬಿದ ಮದ್ದಿನ ಒಂದು ಕಂಬ. ಅದು ಉರಿಯುವ ವೇಗ ಒಂದರಿಂದ ಇನ್ನೊಂದಕ್ಕೆ ತುಸು ಬೇರೆ. ಬಿಸಿಲು ಚಳಿಗೂ ಬದಲಾಗುತ್ತದೆ, ಗೋದಾಮಿನಲ್ಲಿ ಹಳತಾದಂತೆಯೂ ಬದಲಾಗುತ್ತದೆ. ಪರೀಕ್ಷೆಯಲ್ಲಿ ನಳಿಕೆಯ ಕಿಡಿಯ ಬೆಳಕನ್ನು ಒಂದು ಬೆಳಕು-ಸಂವೇದಕ ಹಿಡಿದು ಗಡಿಯಾರ ಶುರು ಮಾಡುತ್ತದೆ, ಡಿಟೊನೇಟರ್ ಸಿಡಿದಾಗ ಇನ್ನೊಂದು ಸಂವೇದಕ ಅದನ್ನು ನಿಲ್ಲಿಸುತ್ತದೆ.

ಒಂದು ಲೆಕ್ಕ ನೋಡಿ. ಕುಳಿಯೊಳಗೆ 500 ಮಿಲಿಸೆಕೆಂಡಿನ ಡಿಟೊನೇಟರ್. ಮೂರರಲ್ಲಿ ಎರಡು ಪಾಲು ಡಿಟೊನೇಟರುಗಳು ಹೇಳಿದ ಸಮಯಕ್ಕಿಂತ 7.5 ಮಿಲಿಸೆಕೆಂಡು ಆಚೀಚೆಯೊಳಗೆ ಸಿಡಿಯುತ್ತವೆ, ಉಳಿದವು ಅದಕ್ಕಿಂತ ದೂರ ಹೋಗುತ್ತವೆ ಎಂದಿಟ್ಟುಕೊಳ್ಳಿ. ಮೇಲ್ಮೈಯಲ್ಲಿ ಪಕ್ಕಪಕ್ಕದ ಕುಳಿಗಳ ನಡುವೆ 17 ಮಿಲಿಸೆಕೆಂಡಿನ ಅಂತರ ಕೊಟ್ಟರೆ, ನೂರು ಜೊತೆಗಳಲ್ಲಿ ಐದಾರು ಜೊತೆ ಸರದಿ ತಪ್ಪಿ ಸಿಡಿಯುತ್ತವೆ. 25 ಕೊಟ್ಟರೆ ನೂರಕ್ಕೆ ಒಂದು. 42 ಕೊಟ್ಟರೆ ಲಕ್ಷಕ್ಕೆ ನಾಲ್ಕು. ಪ್ರತಿಯೊಂದು ಡಿಟೊನೇಟರೂ ತನ್ನಷ್ಟಕ್ಕೆ ನಿರ್ದೋಷಿ. ತಪ್ಪಿದ್ದು ಅವುಗಳ ಚೆದುರುವಿಕೆಯನ್ನು ಎಣಿಸದ ವಿನ್ಯಾಸ. ಸಿಡಿಯಿತೇ ಎಂಬ ಪ್ರಶ್ನೆಗಿಂತ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ ಪರೀಕ್ಷಕನಿಗೆ ಹೆಚ್ಚು ಲಾಭದ್ದು. ಪ್ರತಿ ತುಣುಕೂ ಹೌದು-ಇಲ್ಲದ ಬದಲು ಒಂದು ಅಂಕಿಯನ್ನು ಕೊಡುತ್ತದೆ. ಮೂವತ್ತು ಅಂಕಿಗಳ ಚೆದುರುವಿಕೆ ಆ ಲಾಟಿನ ಬಗ್ಗೆ ಬಹಳಷ್ಟನ್ನು ಹೇಳಿಬಿಡುತ್ತದೆ.

ಎರಡನೇ ದಾರಿ

ಈಗ ಬೆಂಚಿಗೆ ಬರೋಣ. ಅರುವತ್ತು ಕುಳಿ, ಒಂದರಿಂದ ಒಂದಕ್ಕೆ ಕಿಡಿ ದಾಟಿಸುವ ಅರುವತ್ತು ಕನೆಕ್ಟರು, ಎಲ್ಲ ಒಂದೇ ಸರಪಳಿ. ಪ್ರತಿ ಕೊಂಡಿಯೂ ಸಾವಿರಕ್ಕೊಂದು ಸಲ ಮಾತ್ರ ಕೈಕೊಡುವಷ್ಟು ಒಳ್ಳೆಯದು. ಆದರೂ ಸರಪಳಿಯಲ್ಲಿ ಎಲ್ಲೋ ಒಂದು ಕಡೆ ಕಿಡಿ ಸಾಯುವ ಸಾಧ್ಯತೆ ಹದಿನೇಳು ಬ್ಲಾಸ್ಟಿಗೆ ಒಂದು. ಹತ್ತನೇ ಕೊಂಡಿಯಲ್ಲಿ ಸತ್ತರೆ ಆಚೆಯ ಐವತ್ತು ಕುಳಿಯೂ ತುಂಬಿದ ಹಾಗೇ ಉಳಿಯುತ್ತವೆ. ಕುಳಿಯೊಳಗಿನ ಡಿಟೊನೇಟರ್ ಸೋತರೆ ಹೋಗುವುದು ಒಂದು ಕುಳಿ. ಮೇಲಿನ ಕೊಂಡಿ ಸೋತರೆ ಹೋಗುವುದು ಇಡೀ ಬಾಲ.

ಪರಿಹಾರ ಸರಳ. ಸಾಲಿನ ಇನ್ನೊಂದು ತುದಿಯಿಂದಲೂ ಕಿಡಿ ಬರುವಂತೆ ಅಡ್ಡ ಜೋಡಣೆ ಕೊಟ್ಟು ಪ್ರತಿ ಕುಳಿಗೂ ಎರಡು ದಾರಿ ಮಾಡುವುದು. ಕುಳಿಯೊಳಗೂ ಮೇಲೊಂದು ಕೆಳಗೊಂದು ಎರಡು ಡಿಟೊನೇಟರ್ ಇಡುವುದು. ಒಂದು ಸಾವಿರಕ್ಕೊಂದು ಸಲ ಸೋಲುವುದಾದರೆ ಎರಡೂ ಒಟ್ಟಿಗೆ ಸೋಲುವುದು ಹತ್ತು ಲಕ್ಷಕ್ಕೊಂದು ಸಲ. ಪರೀಕ್ಷಾಲಯದಲ್ಲಿ 3,000 ಸಿಡಿಸಿ ಗಳಿಸಲಾರದ ಭರವಸೆಯನ್ನು ಇನ್ನೊಂದು ಡಿಟೊನೇಟರ್ ಒಂದೇ ಏಟಿಗೆ ತಂದುಕೊಡುತ್ತದೆ.

ಷರತ್ತು ಒಂದೇ. ಆ ಎರಡು ಸೋಲುಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು. ಎರಡೂ ಒಂದೇ ಕೆಟ್ಟ ಲಾಟಿನಿಂದ ಬಂದಿದ್ದರೆ, ಎರಡೂ ಒಂದೇ ಎಣ್ಣೆಯಲ್ಲಿ ನೆನೆದಿದ್ದರೆ ಹತ್ತು ಲಕ್ಷದ ಲೆಕ್ಕ ಕಾಗದದ ಮೇಲಷ್ಟೇ. ಎರಡು ದಾರಿಯ ನಳಿಕೆಗಳನ್ನು ಅಕ್ಕಪಕ್ಕದಲ್ಲೇ ಹಾಸಿದ್ದರೆ ಮೊದಲ ಕುಳಿಯಿಂದ ಹಾರಿದ ಒಂದೇ ಕಲ್ಲು ಎರಡನ್ನೂ ತುಂಡರಿಸುತ್ತದೆ. ಕುಳಿಯೊಳಗಿನ ಡಿಲೇಯನ್ನು 475, 500 ಮಿಲಿಸೆಕೆಂಡಿನಷ್ಟು ದೊಡ್ಡದಿಡುವುದೂ ಇದಕ್ಕಾಗಿಯೇ. ಮೇಲೆ 25 ಮಿಲಿಸೆಕೆಂಡಿನ ಅಂತರವಿದ್ದರೆ ಮೊದಲ ಕುಳಿ ಸಿಡಿಯುವ ಹೊತ್ತಿಗೆ ಕಿಡಿ ಇಪ್ಪತ್ತು ಕುಳಿ ಮುಂದೆ ಹೋಗಿರುತ್ತದೆ. ಕಲ್ಲು ಅಲುಗುವ ಜಾಗದಲ್ಲಿ ಕಿಡಿಗೆ ಇನ್ನು ಕೆಲಸವಿರುವುದಿಲ್ಲ.

ಈಗ ಎರಡು ಬಗೆಯ ಸೋಲುಗಳನ್ನು ನೆನೆಯಿರಿ. ಒಂಟಿ ಸೋಲನ್ನು ಪರೀಕ್ಷೆ ಹಿಡಿಯಲಾರದು, ಎರಡನೇ ದಾರಿ ಅದನ್ನು ಅಳಿಸಿಹಾಕುತ್ತದೆ. ಸಾಮೂಹಿಕ ಸೋಲಿನ ಎದುರು ಎರಡನೇ ದಾರಿ ನಿಷ್ಪ್ರಯೋಜಕ, ಆದರೆ ಅದನ್ನೇ ಸಣ್ಣ ಪರೀಕ್ಷೆ ಸುಲಭವಾಗಿ ಹಿಡಿಯುತ್ತದೆ. ಒಂದರ ಕುರುಡು ಜಾಗವನ್ನು ಇನ್ನೊಂದು ಕಾಯುತ್ತದೆ. ಡಿಟೊನೇಟರ್ ಖರ್ಚು ಉಳಿಸಲು ಎರಡನೆಯದನ್ನು ಕೈಬಿಡುವವರು, ಎರಡಿದೆಯಲ್ಲ ಎಂದು ಲಾಟಿನ ಪರೀಕ್ಷೆಯನ್ನು ಲಘುವಾಗಿ ತೆಗೆದುಕೊಳ್ಳುವವರು, ಇಬ್ಬರೂ ಒಂದು ಕಣ್ಣು ಮುಚ್ಚಿಕೊಂಡೇ ನಡೆಯುತ್ತಿದ್ದಾರೆ.

ಬ್ಲಾಸ್ಟ್ ಆದ ಮೇಲೆ

ಎಲೆಕ್ಟ್ರಾನಿಕ್ ಡಿಟೊನೇಟರುಗಳಲ್ಲಿ ಒಂದು ಚಿಪ್ ಇರುತ್ತದೆ. ಸಿಡಿಸುವ ಮೊದಲು ಪ್ರತಿಯೊಂದನ್ನೂ ಕರೆದು ಕೇಳಬಹುದು, ಅದು ಉತ್ತರಿಸುತ್ತದೆ. ಸಮಯದ ನಿಖರತೆಯೂ ಬಹಳ ಹೆಚ್ಚು. ಬೆಲೆಯೂ ಹೆಚ್ಚು. ದೊಡ್ಡ ಗಣಿಗಳಿಗೆ ಅದು ಎಟುಕುತ್ತದೆ. ಸಣ್ಣ ಕ್ವಾರಿಗಳಲ್ಲಿ ಕಿಡಿನಳಿಕೆಯೇ ಇನ್ನೂ ಬಹುಕಾಲ ನಡೆಯಲಿದೆ. ಅಲ್ಲಿ ಕೊನೆಯ ಪರೀಕ್ಷೆ ಬ್ಲಾಸ್ಟರಿನದೇ. ಜೋಡಣೆ ಮುಗಿದ ಮೇಲೆ ಅವನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಪ್ರತಿ ಕನೆಕ್ಟರನ್ನೂ ಮುಟ್ಟಿ, ನಳಿಕೆ ಅದರೊಳಗೆ ಸರಿಯಾಗಿ ಕೂತಿದೆಯೇ, ಎಲ್ಲಾದರೂ ಗಂಟು ಬಿದ್ದಿದೆಯೇ, ಒಂದು ಕುಳಿ ಬಿಟ್ಟುಹೋಗಿದೆಯೇ ಎಂದು ನೋಡುತ್ತಾನೆ. ಜೋಡಿಸಿದವನಲ್ಲದೆ ಇನ್ನೊಬ್ಬನೂ ಹೀಗೆ ನಡೆದರೆ ಅದೂ ಒಂದು ಎರಡನೇ ದಾರಿ.

ಸಿಡಿದ ಮೇಲೆ ನಳಿಕೆಯ ಒಳಗೋಡೆಯ ಪುಡಿ ಉರಿದುಹೋಗಿರುತ್ತದೆ. ರಾಶಿಯ ಮೇಲೆ ಸಿಕ್ಕ ತುಂಡುಗಳನ್ನು ನೋಡಿ ಕಿಡಿ ಎಲ್ಲಿಯವರೆಗೆ ಹೋಗಿತ್ತು ಎಂದು ಊಹಿಸಬಹುದು. ಆದರೆ ನಳಿಕೆ ಉರಿದಿದೆ ಎಂದರೆ ತಳದ ಡಿಟೊನೇಟರೂ ಸಿಡಿದಿದೆ ಎಂದಲ್ಲ. ಹಾಗಾಗಿ ರಾಶಿಯ ಆಕಾರವನ್ನೂ ನೋಡಬೇಕು: ಎಲ್ಲೋ ಒಂದು ಕಡೆ ಕಲ್ಲು ಮುಂದೆ ಬಿದ್ದಿಲ್ಲ, ದೊಡ್ಡ ಬಂಡೆಗಳು ಹಾಗೇ ನಿಂತಿವೆ ಎಂದರೆ ಅಲ್ಲಿಗೆ ಯಂತ್ರ ಬಿಡುವ ಮೊದಲು ನಿಲ್ಲಬೇಕು.

ದಿನವೂ ಸಿಡಿಯುವ ಸಾವಿರಾರು ಡಿಟೊನೇಟರುಗಳು ಯಾವ ಪರೀಕ್ಷಾಲಯವೂ ಮಾಡಲಾಗದ ದೊಡ್ಡ ಪರೀಕ್ಷೆ. ಅದರ ಫಲಿತಾಂಶ ಕಾರ್ಖಾನೆಗೆ ತಲುಪಬೇಕಾದರೆ ಮಿಸ್‌ಫೈರ್ ಸಿಕ್ಕಾಗ ಅಧಿಕೃತ ಬ್ಲಾಸ್ಟರ್ ನಿಯಮದಂತೆ ಅದನ್ನು ನಿಭಾಯಿಸಿದ ಮೇಲೆ ಮೂರು ಸಂಗತಿ ಬರೆದಿಡಬೇಕು: ಡಿಟೊನೇಟರ್ ಬಂದ ಪೆಟ್ಟಿಗೆಯ ಲಾಟ್ ಸಂಖ್ಯೆ, ಕುಳಿ ಯಾವ ಸಾಲಿನಲ್ಲಿ ಎಷ್ಟನೆಯದು, ನಳಿಕೆ ತುಂಡಾಗಿತ್ತೋ ಅಖಂಡವಾಗಿತ್ತೋ. ಬೇರೆ ಬೇರೆ ಗಣಿಗಳಿಂದ ಬಂದ ಮೂರು ದೂರುಗಳಲ್ಲಿ ಒಂದೇ ಲಾಟ್ ಸಂಖ್ಯೆ ಕಂಡರೆ ಅದು ಸಾಮೂಹಿಕ ಸೋಲು, ಆ ಲಾಟು ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ನಿಲ್ಲಿಸಬೇಕು. ಒಂದೇ ಬೆಂಚಿನಿಂದ ಬಂದ ದೂರುಗಳಲ್ಲಿ ಲಾಟುಗಳು ಬೇರೆ ಬೇರೆಯಾಗಿದ್ದು ತುಂಡಾದ ನಳಿಕೆಗಳೇ ಸಿಗುತ್ತಿದ್ದರೆ ತಪ್ಪು ಬಹುಶಃ ಕಾರ್ಖಾನೆಯಲ್ಲಿಲ್ಲ, ಆ ಬೆಂಚಿನ ಡಿಲೇ ವಿನ್ಯಾಸದಲ್ಲಿದೆ.